ಟಿ.ವಿ. ಕೆಟ್ಟಿತೆನ್ನುವ ಮುನ್ನ

ದೂರದರ್ಶನ ಯಂತ್ರ ಕೆಟ್ಟಿತೆಂದು ಹೇಳುವವರಲ್ಲಿ ಬಹುಮಂದಿ, ಕೆಟ್ಟಿರುವುದು ಆ ಯಂತ್ರವೇ ಹೌದೋ ಅಲ್ಲವೋ ಎಂಬುದನ್ನು ವಿಚಾರಿಸಿ ನೋಡಿರುವುದಿಲ್ಲ. ತೆರೆ ಕಪ್ಪಾದ ಕೂಡಲೆ ಮನೆಯಲ್ಲಿ ಒಬ್ಬರು ರಿಮೋಟನ್ನು ಅಂಗೈಗೆ ಬಡಿಯುತ್ತಾರೆ. ಒಬ್ಬರು ಪ್ಲಗ್ಗನ್ನು ಅಲ್ಲಾಡಿಸುತ್ತಾರೆ. ಇನ್ನೊಬ್ಬರು ಹಳೆಯದಾಯಿತು, ಹೊಸದನ್ನು ತರೋಣವೆಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಇವರ ನಡುವೆ ಪಿ.ಯು. ತರಗತಿಯಲ್ಲೋ ಬಿ.ಎಸ್‌ಸಿ.ಯಲ್ಲೋ ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಯೊಬ್ಬನೂ ಕುಳಿತಿರುವುದುಂಟು. ಓಮನ ನಿಯಮ ಅವನಿಗೆ ಕಂಠಪಾಠ. ವಿದ್ಯುತ್ಕಾಂತ ಅಲೆಗಳ ಪಟ್ಟಿಯನ್ನು ಕೇಳಿದರೆ ಒಂದನ್ನೂ ಬಿಡದೆ ಒಪ್ಪಿಸುತ್ತಾನೆ. ಆದರೆ ಅದೇ ಅಲೆ ತನ್ನ ಮನೆಯ ಛಾವಣಿಗೆ ಬಂದಿಳಿಯುವಲ್ಲಿ ತೊಡಕಾದರೆ ಅವನೂ ಮಿಕ್ಕವರಂತೆ ಮೆಕ್ಯಾನಿಕ್ಕಿನ ದಾರಿ ಕಾಯುತ್ತಾನೆ. ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಗಳೊಡನೆ ಕೆಲವು ವರ್ಷ ಒಡನಾಡಿರುವ ನನಗೆ ಇದು ಸರಿಯೆಂದು ತೋರುವುದಿಲ್ಲ. ಮನೆಯ ಟಿ.ವಿ.ಯ ಸಾಮಾನ್ಯ ದೋಷಗಳನ್ನು ಪತ್ತೆಹಚ್ಚುವುದು ಕೈಚಳಕದ ಕೆಲಸವಲ್ಲ, ತರ್ಕದ ಕೆಲಸ. ಅದಕ್ಕೆ ಬೇಕಾಗುವಷ್ಟು ಭೌತಶಾಸ್ತ್ರ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ ಎಂಬುದು ನನ್ನ ವಾದ.

ನಾವು ನೋಡುವ ಚಿತ್ರ ಒಂದು ಸರಪಳಿಯ ಕೊನೆಯ ಕೊಂಡಿ. ಮನೆಯ ಮೇಲೆ ಡಿಶ್ ಇದ್ದರೆ ಆ ಸರಪಳಿ ಉಪಗ್ರಹದಲ್ಲಿ ತೊಡಗಿ, ಡಿಶ್ಶಿನ ಬೋಗುಣಿ, ಅದರೆದುರಿನ ಎಲ್.ಎನ್.ಬಿ., ಅಲ್ಲಿಂದಿಳಿಯುವ ಕೇಬಲ್ಲು, ಸೆಟ್‌ಟಾಪ್ ಬಾಕ್ಸು, ಬಾಕ್ಸಿನಿಂದ ಟಿ.ವಿ.ಗೆ ಹೋಗುವ ಎಚ್.ಡಿ.ಎಂ.ಐ. ವೈರು, ಇವುಗಳನ್ನೆಲ್ಲ ದಾಟಿ ತೆರೆಗೆ ಬರುತ್ತದೆ. ಕರೆಂಟಿನದು ಇನ್ನೊಂದು ಸರಪಳಿ, ರಿಮೋಟಿನದು ಮತ್ತೊಂದು. ಎಲ್ಲಿ ಕಡಿದಿದೆ ಎಂಬುದನ್ನು ತಿಳಿಯಬೇಕಾದರೆ ತುದಿಯಿಂದ ತುದಿಯವರೆಗೆ ಹುಡುಕುತ್ತ ಹೋಗಬೇಕಾಗಿಲ್ಲ. ನಡುವೆ ಒಂದು ಕಡೆ ನಿಂತು, ದೋಷ ಆಚೆಗಿದೆಯೋ ಈಚೆಗಿದೆಯೋ ಎಂದು ಕೇಳಿದರೆ ಸಾಕು. ಒಂದು ಪ್ರಶ್ನೆಯಿಂದ ಅರ್ಧ ಸರಪಳಿ ನಿರ್ದೋಷಿಯಾಗುತ್ತದೆ.

ಒಂದು ಉದಾಹರಣೆ ನೋಡಿ. ತೆರೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಅಕ್ಷರಗಳು ಬಂದಿವೆ. ಇದನ್ನು ಕಂಡೊಡನೆ ಟಿ.ವಿ. ಹೋಯಿತೆಂದು ಹಲುಬುವವರನ್ನು ನಾನು ಬಹಳ ಕಂಡಿದ್ದೇನೆ. ಆದರೆ ಆ ಅಕ್ಷರಗಳನ್ನು ಬರೆದವರು ಯಾರು? ತೆರೆ ಬೆಳಗುತ್ತಿದೆ, ಅಕ್ಷರ ಸ್ಪಷ್ಟವಾಗಿದೆ ಎಂದಮೇಲೆ ವಿದ್ಯುತ್ತು ಬಂದಿದೆ, ತೆರೆಯ ಹಿಂದಿನ ದೀಪ ಉರಿಯುತ್ತಿದೆ, ಚಿತ್ರ ಬಿಡಿಸುವ ಮಂಡಲ ನೆಟ್ಟಗಿದೆ. ತನಗೆ ಯಾರೂ ಏನನ್ನೂ ಕಳಿಸುತ್ತಿಲ್ಲವೆಂದು ಟಿ.ವಿ. ತಾನೇ ಹೇಳಿಕೊಳ್ಳುತ್ತಿರುವಾಗ ಅದನ್ನೇ ಅಪರಾಧಿಯೆನ್ನುವುದು ನ್ಯಾಯವೇ? ಮಕ್ಕಳು ಆಡುತ್ತ ಇನ್‌ಪುಟ್ ಗುಂಡಿಯನ್ನು ಒತ್ತಿದ್ದರೂ ಹೀಗಾಗುವುದುಂಟು. ಬಾಕ್ಸಿನ ವೈರು ಸಡಿಲವಾಗಿದ್ದರೂ ಆಗುವುದುಂಟು. ಅದೇ ಸಂದೇಶ ಬಾಕ್ಸಿನ ಗುರುತಿನೊಡನೆ ಬಂದರೆ ಬಾಕ್ಸಿನವರೆಗಿನ ಭಾಗವೂ ಸರಿಯಿದೆಯೆಂದಾಯಿತು. ಇನ್ನು ಹತ್ತಬೇಕಾದುದು ಛಾವಣಿ. ಕೇಬಲ್ ಸಂಪರ್ಕವಿರುವ ಮನೆಯವರಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆಯಿದೆ: ಪಕ್ಕದ ಮನೆಯವರನ್ನು ಕೇಳುವುದು. ಒಂದು ಎಚ್ಚರಿಕೆಯ ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ವೈರನ್ನೂ ಬದಲಿಸಿ, ಬಾಕ್ಸನ್ನೂ ಆರಿಸಿ ಹೊತ್ತಿಸಿ, ಗುಂಡಿಯನ್ನೂ ಒತ್ತಿದಿರಾದರೆ ಚಿತ್ರ ಬಂದೀತು. ಏಕೆ ಬಂತೆಂಬುದು ಮಾತ್ರ ನಿಮಗೆ ತಿಳಿಯದು.

ಹಿರಿಯರ ಮದ್ದು ಬೇರೆಯಾಗಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದ ಮೇಲೆ ಬರಬರುತ್ತ ನಮ್ಮ ಊರುಗಳ ಮಾಡುಗಳ ಮೇಲೂ ಅಲ್ಯೂಮಿನಿಯಮ್ ಆಂಟೆನಾಗಳು ಕಾಣಿಸಿಕೊಂಡವು. ಚಿತ್ರ ಕುಣಿದರೆ ಒಬ್ಬರು ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಒಬ್ಬರು ಕಿಟಕಿಯಿಂದ ‘ಬಂತು, ಬಂತು, ಹೋಯಿತು’ ಎಂದು ಕೂಗುವುದು. ಅದಕ್ಕೂ ಬಗ್ಗದಿದ್ದರೆ ಪೆಟ್ಟಿಗೆಯ ತಲೆಯ ಮೇಲೊಂದು ಏಟು. ಏಟಿನಿಂದ ಗುಣವಾಗುತ್ತಿದ್ದುದೂ ಸುಳ್ಳಲ್ಲ. ಬೆಸುಗೆ ಬಿಟ್ಟ ಜಾಗದಲ್ಲಿ ಲೋಹಕ್ಕೆ ಲೋಹ ತಗುಲಿ ಮಂಡಲ ಕೂಡಿಕೊಳ್ಳುತ್ತಿತ್ತು, ಮುಂದಿನ ಏಟಿನವರೆಗೆ! ಇಂದಿನ ಚಪ್ಪಟೆ ತೆರೆಗೆ ಅದೇ ಮದ್ದನ್ನು ಕೊಟ್ಟರೆ ಗಾಜು ಸೀಳುವುದೊಂದೇ ಫಲ. ಹಿಂದಿನ ಅನಲಾಗ್ ಪ್ರಸಾರದಲ್ಲಿ ಅಲೆ ಕ್ಷೀಣಿಸಿದಂತೆಲ್ಲ ಚಿತ್ರದ ಮೇಲೆ ಚುಕ್ಕೆಗಳು ಹೆಚ್ಚುತ್ತ ಹೋಗುತ್ತಿದ್ದವು. ದೋಷ ಮೆಲ್ಲಗೆ ಬರುತ್ತಿತ್ತು. ಡಿಜಿಟಲ್ ಪ್ರಸಾರದ ರೀತಿ ಹಾಗಲ್ಲ. ತಪ್ಪುಗಳನ್ನು ಬಾಕ್ಸು ಲೆಕ್ಕ ಹಾಕಿ ತಿದ್ದಿಕೊಳ್ಳುವಷ್ಟು ಕಾಲ ಚಿತ್ರ ಹೊಚ್ಚಹೊಸದಂತಿರುತ್ತದೆ. ತಿದ್ದುವ ಶಕ್ತಿ ಮೀರಿದೊಡನೆ ಚೌಕ ಚೌಕವಾಗಿ ಒಡೆದು ನಿಂತೇಬಿಡುತ್ತದೆ. ನಿನ್ನೆಯವರೆಗೆ ಚೆನ್ನಾಗಿತ್ತಲ್ಲ ಎಂಬ ಮಾತಿಗೆ ಈಗ ಬೆಲೆಯಿಲ್ಲ. ನಿನ್ನೆ ಅದು ಅಂಚಿನಲ್ಲಿ ನಿಂತಿದ್ದಿರಬಹುದು.

ಈಗ ಮಳೆಯ ವಿಷಯಕ್ಕೆ ಬರೋಣ; ಮಲೆನಾಡಿನ ಸೆರಗಿನಲ್ಲಿರುವ ನಮಗೆ ಇದು ಮುಖ್ಯವಾದದ್ದು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಮಧ್ಯಮ ತರಂಗದ 675 ಕಿಲೋಹರ್ಟ್ಸಿನಲ್ಲಿ ಈ ಸೀಮೆಯ ಮನೆಮನೆಯನ್ನೂ ಮುಟ್ಟಿತು. ಬೆಳಕಿನ ವೇಗವನ್ನು ಆ ಸಂಖ್ಯೆಯಿಂದ ಭಾಗಿಸಿರಿ: ಅಲೆಯ ಉದ್ದ ಸುಮಾರು 444 ಮೀಟರು. ಅಷ್ಟುದ್ದದ ಅಲೆಗೆ ಕೆಲವು ಮಿಲಿಮೀಟರಿನ ಮಳೆಹನಿ ಲೆಕ್ಕಕ್ಕೇ ಇಲ್ಲ. ಆದಕಾರಣ ಆಷಾಢದ ಜಡಿಮಳೆಯಲ್ಲೂ ರೇಡಿಯೋ ಹಾಡುತ್ತಿತ್ತು. (ದೂರದ ಮಿಂಚಿಗೆ ಗರಗರ ಎನ್ನುತ್ತಿದ್ದುದು ಬೇರೆ ಮಾತು, ಮಿಂಚು ತಾನೇ ಒಂದು ರೇಡಿಯೋ ಪ್ರೇಷಕ.) ಡಿಶ್ಶಿಗೆ ಬರುವ ಅಲೆಯ ಆವೃತ್ತಿ ಸುಮಾರು 12 ಗಿಗಾಹರ್ಟ್ಸ್, ಉದ್ದ ಎರಡೂವರೆ ಸೆಂಟಿಮೀಟರು. ಹನಿಯ ಗಾತ್ರಕ್ಕೂ ಅಲೆಯ ಉದ್ದಕ್ಕೂ ಇಲ್ಲಿ ಅಜಗಜಾಂತರವಿಲ್ಲ. ನೀರು ಅಲೆಯ ಶಕ್ತಿಯನ್ನು ಹೀರುತ್ತದೆ, ಚದುರಿಸುತ್ತದೆ. ದಪ್ಪ ಮಳೆಯಲ್ಲಿ ಚಿತ್ರ ಹೋಗಿ ಮಳೆ ಹೊಳವಾದ ಮೇಲೆ ತಾನಾಗಿ ಬಂದರೆ ಅದು ಯಂತ್ರದ ದೋಷವಲ್ಲ, ಡಿಶ್ಶಿನ ತಪ್ಪೂ ಅಲ್ಲ. ಸಣ್ಣ ಸೋನೆಗೇ ಚಿತ್ರ ಹೋಗುವುದಾದರೆ ಮಾತ್ರ ಸಂಶಯಪಡಬೇಕು: ಡಿಶ್ಶು ಗಾಳಿಗೆ ಕೊಂಚ ಸರಿದಿದೆ, ಇಲ್ಲವೇ ಕೇಬಲ್ಲು ಕೆಟ್ಟಿದೆ, ಹೇಗೂ ಕೈಯಲ್ಲಿರಬೇಕಾದ ಹೆಚ್ಚುವರಿ ಬಲ ಮೊದಲೇ ಕರಗಿಹೋಗಿದೆ.

ಡಿಶ್ಶು ಎತ್ತ ನೋಡಬೇಕು? ಇದು ಸಹ ನೀವೇ ಮಾಡಬಹುದಾದ ಲೆಕ್ಕ. ಡಿ.ಡಿ. ಫ್ರೀ ಡಿಶ್ ಪ್ರಸಾರವಾಗುವ ಜಿಸ್ಯಾಟ್-15 ಉಪಗ್ರಹ ಸಮಭಾಜಕದ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಶಿವಮೊಗ್ಗದ ಅಕ್ಷಾಂಶ 13.9, ರೇಖಾಂಶ 75.6. ತ್ರಿಕೋನಮಿತಿಯನ್ನು ಹೂಡಿದರೆ ಉಪಗ್ರಹ ನಮ್ಮ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ, 36,400 ಕಿಲೋಮೀಟರ್ ದೂರದಲ್ಲಿದೆಯೆಂದು ಬರುತ್ತದೆ. ಶಿವಮೊಗ್ಗದಿಂದ ನೋಡಿದರೆ ಅದು ಹೆಚ್ಚುಕಡಿಮೆ ಭದ್ರಾವತಿಯ ದಿಕ್ಕು! ಛಾವಣಿಯ ಮೇಲೆ ಭದ್ರಾವತಿಗೆ ಮುಖಮಾಡಿ ನಿಂತು ತಲೆಯನ್ನು ಚೆನ್ನಾಗಿ ಮೇಲೆತ್ತಿದರೆ ನೀವು ಜಿಸ್ಯಾಟನ್ನೇ ನೋಡುತ್ತಿದ್ದೀರಿ. ಬೋಗುಣಿ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣದಿದ್ದರೆ ಗಾಬರಿಪಡಬೇಡಿರಿ. ಮನೆಯ ಡಿಶ್ಶುಗಳ ಕೇಂದ್ರವನ್ನು ಒಂದು ಪಕ್ಕಕ್ಕೆ ಸರಿಸಿ ರಚಿಸಿರುವುದರಿಂದ ಅವು ಕಾಣುವುದಕ್ಕಿಂತ ಮೇಲಕ್ಕೆ ನೋಡುತ್ತವೆ. ಬೇರೆ ಸಂಸ್ಥೆಯ ಡಿಶ್ಶಾದರೆ ಉಪಗ್ರಹ ಬೇರೆ, ಕೋನವೂ ಬೇರೆ.

ಈ ಕೋನದಿಂದ ಎರಡು ಪ್ರಯೋಜನಗಳಿವೆ. 64 ಡಿಗ್ರಿಯ ಟ್ಯಾಂಜೆಂಟ್ ಎರಡಕ್ಕೆ ಸಮೀಪ. ಎಂದರೆ ಡಿಶ್ಶಿನ ಮಟ್ಟದಿಂದ ಹತ್ತು ಮೀಟರ್ ಎತ್ತರವಿರುವ ಮರ ಐದು ಮೀಟರಿಗಿಂತ ಆಚೆಗಿದ್ದರೆ ಅಡ್ಡಬರುವುದಿಲ್ಲ, ಈಚೆಗಿದ್ದರೆ ಬರುತ್ತದೆ. ಡಿಶ್ಶು ಕೂರಿಸಿದಾಗ ಸೊಂಟದೆತ್ತರವಿದ್ದ ಅಡಿಕೆ ಸಸಿ ಆರೇಳು ವರ್ಷದಲ್ಲಿ ಏನಾಗುತ್ತದೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬಿಸಿಲಿನಲ್ಲಿ ಚೆನ್ನಾಗಿದ್ದು, ಮಳೆ ನಿಂತ ಮೇಲೂ ಎಷ್ಟೋ ಹೊತ್ತು ಚಿತ್ರ ಬಾರದಿದ್ದರೆ ಆಗ್ನೇಯಕ್ಕೆ ತಲೆಯೆತ್ತಿ ನೋಡಿರಿ. ಒದ್ದೆಯಾದ ಸೋಗೆಯೊಂದು ದಾರಿಗಡ್ಡ ನಿಂತಿದ್ದೀತು.

ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಮೋಡವಿಲ್ಲ, ಮಳೆಯಿಲ್ಲ, ಮರವಿಲ್ಲ. ಹಗಲು ಹನ್ನೊಂದರ ಸುಮಾರಿಗೆ ಚಿತ್ರ ಒಡೆದು ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಮರುದಿನವೂ ಅದೇ ಹೊತ್ತಿಗೆ ಅದೇ ಕಥೆ. ದೆವ್ವದ ಕಾಟವೆನ್ನಬಹುದಾದ ಈ ದೋಷದ ಕರ್ತೃ ಸೂರ್ಯ. ವರ್ಷಕ್ಕೆ ಎರಡು ಸಲ, ಮಾರ್ಚ್ ತಿಂಗಳ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ನಮ್ಮ ಊರಿನಿಂದ ನೋಡಿದಾಗ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಸೂರ್ಯನೂ ಸೂಕ್ಷ್ಮತರಂಗಗಳನ್ನು ಚೆಲ್ಲುವವನೇ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಚ್ಚಿಹೋಗುತ್ತದೆ. ನಾವು ಸಮಭಾಜಕದಿಂದ 14 ಡಿಗ್ರಿ ಉತ್ತರಕ್ಕಿರುವುದರಿಂದ ಉಪಗ್ರಹ ಖಗೋಳ ಸಮಭಾಜಕಕ್ಕಿಂತ ಸುಮಾರು 2.4 ಡಿಗ್ರಿ ದಕ್ಷಿಣಕ್ಕೆ ಕಾಣುತ್ತದೆ. ಆದುದರಿಂದಲೇ ಈ ಘಟನೆ ಸರಿಯಾಗಿ ವಿಷುವದಂದು ಸಂಭವಿಸದೆ ಮಾರ್ಚಿನಲ್ಲಿ ಕೆಲದಿನ ಮುಂಚೆ, ಸೆಪ್ಟೆಂಬರಿನಲ್ಲಿ ಕೆಲದಿನ ತಡವಾಗಿ ಬರುತ್ತದೆ. ಮೆಕ್ಯಾನಿಕ್ಕನ್ನು ಕರೆಸಿದರೆ ಅವನು ಬರುವಷ್ಟರಲ್ಲಿ ಚಿತ್ರ ಸರಿಹೋಗಿರುತ್ತದೆ. ಅವನು ಸುಮ್ಮನೆ ಬಂದದ್ದಕ್ಕೂ ಹಣ ತೆರಬೇಕು. ಇದಕ್ಕಿಂತ ಒಳ್ಳೆಯ ಖಗೋಳ ಪ್ರಯೋಗವನ್ನು ಖರ್ಚಿಲ್ಲದೆ ಮಾಡುವುದು ಕಷ್ಟ. ಡಿ.ಡಿ. ಫ್ರೀ ಡಿಶ್ ಇರುವವರು ಆ ದಿನಗಳಲ್ಲಿ ಬಾಕ್ಸಿನ ಸಿಗ್ನಲ್ ಗುಣಮಟ್ಟದ ಅಂಕವನ್ನು ನಿಮಿಷಕ್ಕೊಮ್ಮೆ ಬರೆದು ನಕ್ಷೆ ತೆಗೆದು ನೋಡಲಿ.

ಛಾವಣಿಯ ಮೇಲಿರುವಾಗಲೇ ಕೇಬಲ್ಲಿನ ಮಾತನ್ನು ಮುಗಿಸಿಬಿಡೋಣ. ಆ ಕೇಬಲ್ಲಿನಲ್ಲಿ ಚಿತ್ರ ಕೆಳಗಿಳಿಯುವುದಷ್ಟೇ ಅಲ್ಲ, ಎಲ್.ಎನ್.ಬಿ.ಗೆ ಬೇಕಾದ ವಿದ್ಯುತ್ತು ಮೇಲೇರುವುದೂ ಉಂಟು. ಬಾಕ್ಸು 13 ವೋಲ್ಟ್ ಕಳಿಸಿದರೆ ಒಂದು ಬಗೆಯ ಧ್ರುವೀಕರಣದ ಅಲೆ, 18 ವೋಲ್ಟ್ ಕಳಿಸಿದರೆ ಅದಕ್ಕೆ ಲಂಬವಾದ ಇನ್ನೊಂದು ಬಗೆಯ ಅಲೆ ಆಯ್ಕೆಯಾಗುತ್ತದೆ. ಕೇಬಲ್ಲಿನ ತುದಿಯ ಕನೆಕ್ಟರಿಗೆ ಮಳೆನೀರು ಇಳಿದು ತಾಮ್ರ ಹಸುರಾಗಿದ್ದರೆ ರೋಧ ಹೆಚ್ಚುತ್ತದೆ; ರೋಧ ಹೆಚ್ಚಿದರೆ ಓಮನ ನಿಯಮದ ಪ್ರಕಾರ ದಾರಿಯಲ್ಲಿಯೇ ವೋಲ್ಟೇಜು ಬಿದ್ದುಹೋಗುತ್ತದೆ. ಹದಿನೆಂಟು ಹೊರಟದ್ದು ಹದಿನಾಲ್ಕಾಗಿ ತಲುಪಿದರೆ ಎಲ್.ಎನ್.ಬಿ. ಅದನ್ನು ಹದಿಮೂರೆಂದೇ ಭಾವಿಸುತ್ತದೆ. ಆಗ ಕೆಲವು ವಾಹಿನಿಗಳು ಮಾತ್ರ ಕಾಣೆಯಾಗಿ ಉಳಿದವು ಚೆನ್ನಾಗಿ ಬರುತ್ತಿರುತ್ತವೆ. ಚಂದಾ ಮುಗಿದಿರಬೇಕೆಂದು ಮನೆಯವರು ಹಣ ಕಟ್ಟುತ್ತಾರೆ. ಬೇಕಾಗಿದ್ದುದು ಎರಡು ಇಂಚು ಕೇಬಲ್ಲು ಕತ್ತರಿಸಿ ಹೊಸ ಕನೆಕ್ಟರು ಹಾಕುವುದು. ಬಾಕ್ಸಿನ ಪ್ಲಗ್ಗನ್ನು ತೆಗೆದು ಈ ಕೆಲಸ ಮಾಡಬೇಕೆಂಬುದನ್ನು ಮರೆಯಬೇಡಿರಿ. ಪಾಚಿಗಟ್ಟಿದ ಮಾಡಿನ ಮೇಲೆ ಮಳೆಯಲ್ಲಿ ಹತ್ತುವುದಂತೂ ಬೇಡವೇ ಬೇಡ.

ರಿಮೋಟಿನ ವಿಷಯ ಸುಲಭ. ಅದರ ತುದಿಯಿಂದ ಹೊಮ್ಮುವ ಅವಕೆಂಪು ಕಿರಣ ನಮ್ಮ ಕಣ್ಣಿಗೆ ಕಾಣದು, ಮೊಬೈಲಿನ ಕ್ಯಾಮೆರಾಕ್ಕೆ ಕಾಣುತ್ತದೆ. ಮುಂಭಾಗದ ಕ್ಯಾಮೆರಾದಲ್ಲಿ ನೋಡಿರಿ. ಹಿಂದಿನದಕ್ಕೆ ಆ ಕಿರಣವನ್ನು ತಡೆಯುವ ಗಾಜು ಇರುವುದು ಹೆಚ್ಚು. ಗುಂಡಿ ಒತ್ತಿದಾಗ ಬೆಳಕು ಮಿನುಗಿದರೆ ರಿಮೋಟು ಸರಿ, ದೋಷ ಟಿ.ವಿ.ಯ ಕಡೆಯದು. ಮಿನುಗದಿದ್ದರೆ ಸೆಲ್ಲು ಬದಲಿಸಿರಿ. (ಅಂತರಜಾಲದಿಂದ ನೋಡುವ ಟಿ.ವಿ.ಯಲ್ಲಿ ಚಕ್ರ ತಿರುಗುತ್ತ ನಿಂತರೆ ಅದೇ ವೈಫೈಯಲ್ಲಿ ಮೊಬೈಲಿನಿಂದ ಅದೇ ಚಿತ್ರವನ್ನು ತೆರೆದು ನೋಡಿದರಾಯಿತು, ಹೆಚ್ಚು ಹೇಳಬೇಕಾದುದಿಲ್ಲ.)

ಕರೆಂಟಿನ ಬಗ್ಗೆ ನನ್ನ ಅಭಿಪ್ರಾಯ ಅಂಗಡಿಯವರಿಗೆ ಹಿಡಿಸಲಾರದು. ಟಿ.ವಿ. ಕೊಂಡವರಿಗೆಲ್ಲ ಒಂದು ಸ್ಟೆಬಿಲೈಸರನ್ನೂ ಮಾರುವ ವಾಡಿಕೆಯಿದೆ. ಯಂತ್ರದ ಬೆನ್ನ ಮೇಲಿನ ಚೀಟಿಯನ್ನು ಓದಿರಿ. 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಆ ಏರಿಳಿತವನ್ನು ತಾಳಿಕೊಳ್ಳುವ ಏರ್ಪಾಡು ಒಳಗೇ ಇದೆ. ವೋಲ್ಟೇಜು ಇಳಿಯುವುದಕ್ಕೆ ಅಂಜಿ ಹಣ ಸುರಿಯುವುದು ವ್ಯರ್ಥ. ಅಂಜಬೇಕಾದುದು ಏರಿಕೆಗೆ. ಗಾಳಿಮಳೆಯಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 230 ವೋಲ್ಟಿಗಿಂತ ಬಹಳ ಹೆಚ್ಚಿನ ವೋಲ್ಟೇಜು ನುಗ್ಗುತ್ತದೆ. ಫ್ಯಾನು ಎಂದೂ ಇಲ್ಲದ ವೇಗದಲ್ಲಿ ತಿರುಗತೊಡಗಿದರೆ ಯೋಚಿಸುತ್ತ ಕೂರದೆ ಮೇನ್ ಸ್ವಿಚ್ಚನ್ನು ಆರಿಸಬೇಕು. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗುಮಳೆ. ಸಿಡಿಲಿನ ಎದುರು ಮನೆಯ ಸ್ವಿಚ್ಚಿನ ಎರಡು ಮಿಲಿಮೀಟರ್ ಸಂದು ಯಾವ ಲೆಕ್ಕ? ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನು ಕೀಳಬೇಕು. ಡಿಶ್ಶಿನ ಕೇಬಲ್ಲನ್ನೂ ಕೀಳಬೇಕು, ಏಕೆಂದರೆ ಸಿಡಿಲಿನ ಆಘಾತ ಆ ದಾರಿಯಿಂದಲೂ ಒಳಬರುತ್ತದೆ. ಇದನ್ನು ದೂರದ ಮೊದಲ ಗುಡುಗು ಕೇಳಿದಾಗಲೇ ಮಾಡಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಎಣಿಸಿರಿ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ತಂತಿ ಮುಟ್ಟುವುದಕ್ಕಿಂತ ಟಿ.ವಿ.ಯ ಆಸೆ ಬಿಡುವುದು ಲೇಸು.

ಎಲ್ಲಕ್ಕಿಂತ ಹೆಚ್ಚು ಹಣ ಹಾಳಾಗುವುದು ‘ಧ್ವನಿಯಿದೆ, ಚಿತ್ರವಿಲ್ಲ’ ಎಂಬ ದೋಷದಲ್ಲಿ. ಭದ್ರಾವತಿಯಿಂದ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಹೀಗಾಯಿತು. ಪ್ಯಾನೆಲ್ಲೇ ಹೋಗಿದೆ, ಹೊಸದನ್ನು ಕೊಳ್ಳುವುದೇ ವಾಸಿ ಎಂದು ಅಂಗಡಿಯೊಂದರಲ್ಲಿ ಹೇಳಿದರಂತೆ. ಮನೆಯಲ್ಲಿ ಕಂತಿನ ಲೆಕ್ಕವೂ ಶುರುವಾಗಿತ್ತು. ಎಲ್.ಸಿ.ಡಿ. ತೆರೆ ತಾನಾಗಿ ಬೆಳಗುವುದಿಲ್ಲ, ಅದು ಬೆಳಕನ್ನು ತಡೆದು ಬಿಡುವ ಕಿಟಕಿ ಮಾತ್ರ ಎಂಬ ತರಗತಿಯ ಮಾತು ಅವಳಿಗೆ ನೆನಪಿತ್ತು. ರಾತ್ರಿ ಕೋಣೆಯ ದೀಪ ಆರಿಸಿ, ಟಿ.ವಿ. ಹಾಕಿ, ತೆರೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದಳು. ಟಾರ್ಚಿನ ಬೆಳಕು ಬಿದ್ದಲ್ಲಿ ಧಾರಾವಾಹಿಯ ಪಾತ್ರಗಳು ಮಸುಕುಮಸುಕಾಗಿ ಓಡಾಡುತ್ತಿದ್ದವು! ಎಂದರೆ ಪ್ಯಾನೆಲ್ಲು ಚಿತ್ರ ಬಿಡಿಸುತ್ತಲೇ ಇದೆ, ಅದರ ಹಿಂದಿನ ದೀಪ ಮಾತ್ರ ಆರಿದೆ. ಆ ದೀಪಗಳು ಸಣ್ಣ ಎಲ್.ಇ.ಡಿ.ಗಳ ಪಟ್ಟಿಗಳು, ಸರಣಿಯಲ್ಲಿ ಜೋಡಿಸಿದವು. ಒಂದು ಸುಟ್ಟು ಕಡಿದರೆ ಸಾಲಿಗೆ ಸಾಲೇ ಆರುತ್ತದೆ. ದೀಪಾವಳಿಯ ಸರಮಾಲೆಯನ್ನು ಕಂಡವರಿಗೆ ಇದು ಹೊಸತಲ್ಲ. ಬೇರೊಬ್ಬ ಮೆಕ್ಯಾನಿಕ್ಕು ಪಟ್ಟಿಗಳನ್ನು ಬದಲಿಸಿಕೊಟ್ಟ. ಹೊಸ ಟಿ.ವಿ.ಯ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗಿಯಿತು.

ರಿಪೇರಿ ಯಾಕೆ, ಹೊಸದೇ ಅಗ್ಗವೆಂಬ ಮಾತನ್ನು ಈಗ ವಿದ್ಯಾವಂತರೇ ಆಡುತ್ತಾರೆ. ನಾನಿದನ್ನು ಒಪ್ಪಲಾರೆ. ತಿಂಗಳ ಸಂಬಳದಲ್ಲಿ ಮಿಗಿಸಿ ಕೊಂಡ ವಸ್ತು ಅದು. ಯಾವ ಭಾಗ ಕೆಟ್ಟಿದೆಯೆಂದು ತಿಳಿಯದವನಿಗೆ ಅಗ್ಗ ಯಾವುದು, ದುಬಾರಿ ಯಾವುದು ಎಂಬುದೂ ತಿಳಿಯದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಯಂತ್ರಗಳನ್ನು ಕಸದೊಡನೆ ಬಿಸಾಡದೆ ನೋಂದಾಯಿತ ಮರುಬಳಕೆದಾರರಿಗೆ ಸೇರಿಸಬೇಕೆನ್ನುತ್ತವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿಯೇ ಒಂದು ಜಾಲತಾಣವನ್ನೂ ತೆರೆಯಿತು. ಆದರೆ ಹಕ್ಕು ಕಾಗದದ ಮೇಲಿದ್ದು, ಕೊಳ್ಳುವವನಿಗೆ ಕೇಳಬೇಕಾದ ಪ್ರಶ್ನೆಯೇ ಗೊತ್ತಿಲ್ಲದಿದ್ದರೆ ಆ ಹಕ್ಕಿನಿಂದ ಏನಾದೀತು? ನಮ್ಮ ಪ್ರಯೋಗಶಾಲೆಗಳಲ್ಲಿ ಎಲ್ಲ ಮಂಡಲಗಳೂ ಸರಿಯಾಗಿರುತ್ತವೆ. ವಿದ್ಯಾರ್ಥಿ ಅಂಕೆಗಳನ್ನು ಬರೆದುಕೊಂಡು ಹೊರಡುತ್ತಾನೆ. ವರ್ಷಕ್ಕೆ ಎರಡಾದರೂ ಪ್ರಯೋಗಗಳಲ್ಲಿ ಬೇಕೆಂದೇ ಒಂದು ದೋಷವನ್ನು ಇಟ್ಟು, ‘ಎಲ್ಲಿದೆ ಹುಡುಕಿ’ ಎಂದು ಕೊಡಬೇಕೆಂಬುದು ನನ್ನ ಬಹುದಿನದ ಆಸೆ.

ಇಷ್ಟೆಲ್ಲ ಹೇಳಿದವನು ಒಂದು ಗಡಿಯನ್ನೂ ಎಳೆಯಬೇಕು. ನಿಮ್ಮ ಅಧಿಕಾರ ಟಿ.ವಿ.ಯ ಬೆನ್ನಿನ ಸ್ಕ್ರೂವಿನವರೆಗೆ. ಅದರಿಂದಾಚೆಗೆ 230 ವೋಲ್ಟಿನ ಪರ್ಯಾಯ ಪ್ರವಾಹ ನೇರ ಪ್ರವಾಹವಾಗಿ ಬದಲಾಗುವಲ್ಲಿ ಕೆಪಾಸಿಟರುಗಳು 300 ವೋಲ್ಟಿಗೂ ಮೀರಿ ತುಂಬಿಕೊಂಡಿರುತ್ತವೆ. ಪ್ಲಗ್ಗು ತೆಗೆದ ಮೇಲೂ ಕೆಲಕಾಲ ತುಂಬಿಯೇ ಇರಬಹುದು. ಅಟ್ಟದಲ್ಲಿ ಉಳಿದಿರುವ ಹಳೆಯ ಗಾಜಿನ ಕೊಳವೆಯ ಟಿ.ವಿ. ಇದಕ್ಕಿಂತ ಅಪಾಯಕಾರಿ: ಅದರ ಕೊಳವೆಯ ವೋಲ್ಟೇಜು ಇಪ್ಪತ್ತು ಸಾವಿರದ ಆಸುಪಾಸಿನದು. ಕುತೂಹಲ ಎಷ್ಟೇ ಇರಲಿ, ಅದನ್ನು ಬಿಚ್ಚಕೂಡದು. ತೆರೆಯ ಮೇಲೆ ಕಂಬಿಕಂಬಿಯಾಗಿ ನಿಂತ ಗೆರೆಗಳಿಗೂ ಮನೆಯಲ್ಲಿ ಮದ್ದಿಲ್ಲ. ಕೆಂಪು ದೀಪ ಮಿಣುಕುತ್ತ ಯಂತ್ರ ಹೊತ್ತಿಕೊಳ್ಳದಿದ್ದರೆ ಪ್ಲಗ್ಗು ಕಿತ್ತು ಐದು ನಿಮಿಷ ಬಿಟ್ಟು ಹಾಕಿ ನೋಡಬಹುದು, ಅಷ್ಟೆ. ಸುಟ್ಟ ವಾಸನೆ ಬಂದಿದ್ದರೆ ಅದೂ ಬೇಡ.

ಅಲ್ಲಿಗೆ ಮೆಕ್ಯಾನಿಕ್ಕಿಗೆ ಫೋನು ಮಾಡುವ ಹೊತ್ತು ಬಂತು. ಬರಿದೆ ‘ಟಿ.ವಿ. ಕೆಟ್ಟಿದೆ, ಬನ್ನಿ’ ಎನ್ನಬೇಡಿರಿ. ಯಾವ ಮಾದರಿ, ಎಷ್ಟು ಇಂಚು, ದೀಪ ಯಾವ ಬಣ್ಣದ್ದು, ಎಷ್ಟು ಸಲ ಮಿಣುಕುತ್ತದೆ, ಧ್ವನಿಯಿದೆಯೇ, ಟಾರ್ಚು ಬಿಟ್ಟಾಗ ಚಿತ್ರದ ನೆರಳು ಕಂಡಿತೇ, ಬೇರೆ ವೈರು ಹಾಕಿ ನೋಡಿದ್ದೀರಾ, ಇಷ್ಟನ್ನು ತಿಳಿಸಿರಿ. ಅವನು ಬೇಕಾದ ಭಾಗವನ್ನು ಚೀಲದಲ್ಲಿಟ್ಟುಕೊಂಡೇ ಬರುತ್ತಾನೆ. ಅದನ್ನು ತರಲು ಭದ್ರಾವತಿಯಿಂದ ಮತ್ತೆ ಶಿವಮೊಗ್ಗದ ಬಸ್ಸು ಹತ್ತುವ ಕೆಲಸ ಅವನಿಗೆ ತಪ್ಪುತ್ತದೆ.